ಸಿಮೆಂಟ್ ರಸ್ತೆಯ ನೀರು

ಊರಿನ ಸಿಮೆಂಟ್ ರಸ್ತೆ ಮುಗಿಯುವಲ್ಲಿ ನೀರು ಅಳೆಯಲೆಂದು ಹೂತಿಟ್ಟಿದ್ದ ಇನ್ನೂರು ಲೀಟರಿನ ಡ್ರಮ್ಮು, ಜೋರು ಮಳೆಗೆ ರಸ್ತೆ ಮೇಲಿಂದ ಹರಿದುಬಂದ ನೀರಿನಿಂದ ತುಂಬಿ ಚೆಲ್ಲಿತು. ಹುಮನಾಬಾದಿನಿಂದ ಬಂದಿದ್ದ ಎಂಜಿನಿಯರ್ ಶೀತಲ ಗಡಿಯಾರ ನೋಡಿ ಕೂಗಿದಳು: "ನಲವತ್ತ ಸೆಕೆಂಡ್ ರೀ!"

ಗೋಣಿಚೀಲದ ಕೊಪ್ಪೆ ಹೊದ್ದು ನಿಂತಿದ್ದ ಬಾಳಮ್ಮ ಡ್ರಮ್ಮಿನ ಹತ್ತಿರ ಬಂದು ಬಗ್ಗಿ ನೋಡಿದಳು. ಈ ರಸ್ತೆಯ ನೀರನ್ನು ದನಕರು ಕುಡಿಯುವ ತೊಟ್ಟಿಗೆ ತಿರುಗಿಸಿ ಎಂದು ಅವಳು ಎರಡು ವರ್ಷದಿಂದ ಹೇಳುತ್ತಲೇ ಇದ್ದಳು. "ಆಡು ಕಾಯೋಳಿಗಿ ನೀರಿನ ಲೆಕ್ಕ ಹ್ಯಾಂಗ ತಿಳೀತದ?" ಎಂದು ಪಂಚಾಯ್ತಿ ಸದಸ್ಯ ಪಂಡರಿ ನಕ್ಕಿದ್ದ. ಈಗ ಅವನೂ ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದ.

"ಹಂಗಾರ ತೊಟ್ಟಿ ತುಂಬತದೇನ್ರಿ ಮೇಡಮ್?" ಬಾಳಮ್ಮ ಕೇಳಿದಳು.

"ಮೂರು ಸಾವಿರ ಲೀಟರಿನ ತೊಟ್ಟಿ ಅದ. ಇಂಥಾ ಮಳಿ ಹತ್ತು ನಿಮಿಷ ಬಂದ್ರ ತುಂಬತದ್ರಿ ಅವ್ವಾ. ನೀವು ಹೇಳಿದ್ದು ಖರೇ ಅದ," ಎಂದಳು ಶೀತಲ.

ಬಾಳಮ್ಮ ಪಂಡರಿಯ ಕಡೆ ತಿರುಗಿದಳು. ನಗು ತಡೆಯಲಾಗಲಿಲ್ಲ. ಪಂಡರಿಗೂ ನಗು ಬಂತು. ಕೊಡೆ ಮಡಚಿ ಅವಳ ಕೈಗೆ ಕೊಟ್ಟು, ಡ್ರಮ್ಮು ಹೂಳಲು ತಂದಿದ್ದ ಸಲಿಕೆ ಎತ್ತಿಕೊಂಡ.

"ನಡಿ ಚಿಗವ್ವಾ, ಕಾಲುವಿ ಎಲ್ಲಿಂದ ತೋಡಬೇಕು ತೋರ್ಸು."

ಬಾಳಮ್ಮ ಕೊಡೆ ಬಿಚ್ಚುವುದನ್ನೂ ಮರೆತು ಮಳೆಯಲ್ಲಿ ಮುಂದೆ ಮುಂದೆ ನಡೆದಳು.