ಸೋತವರ ಬಾವುಟ

ಒಣಕೊಬ್ಬರಿಯ ವಾಸನೆ ಬಂದರೆ ಈಗಲೂ ನನಗೆ ಆ ದಿನವೇ ನೆನಪಾಗುತ್ತದೆ.

ಚುನಾವಣೆಯ ಫಲಿತಾಂಶ ಬಂದಿತ್ತು. ನಮ್ಮ ಗೇಟಿನ ಎರಡು ತೆಂಗಿನ ಮರಗಳಿಗೆ ಎರಡು ಪಕ್ಷದವರು ತಮ್ಮ ತಮ್ಮ ಬಾವುಟ ಕಟ್ಟಿದ್ದರು. ಅಪ್ಪ ಸೋತವರದನ್ನು ಬಿಚ್ಚತೊಡಗಿದರು. ಅಟ್ಟದಿಂದ ಇಳಿಸಿದ ಕಾಯಿಗಳನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗುಡುಗುಡು ಎನ್ನುವುದೋ ಎಂದು ಆಲಿಸುತ್ತಿದ್ದ ಅಜ್ಜಿ ತಲೆಯೆತ್ತಿದರು.

"ಅದನ್ಯಾಕ್ಲಾ ಬಿಚ್ತೀಯ?"

"ನಾವು ಓಟು ಹಾಕಿದ್ದು ಗೆದ್ದೋರಿಗೆ ಕಣವ್ವ."

"ಹಾಕಿದ್ರೆ ಹಾಕಿದ್ವು. ನಮ್ಮ ದಾರಿಗೆ ಜಲ್ಲಿ ಬಿದ್ದದ್ದು ಈ ಸೋತೋರೂ ಬಾವುಟ ಕಟ್ಟಿ ಇಬ್ರಿಗೂ ಪೈಪೋಟಿ ಹತ್ತಿದ್ಮೇಲೆ. ಗೆದ್ದೋನ ಕಣ್ಣಿಗೆ ಬೀಳ್ಲಿ ಬುಡು."

ಅಪ್ಪ ಗೊಣಗುತ್ತ ಮತ್ತೆ ಕಟ್ಟಿದರು.

ಸಂಜೆ ಗೆದ್ದವರ ಮೆರವಣಿಗೆ ಬಂತು. ಕೊರಳ ತುಂಬ ಹಾರ ಹಾಕಿಕೊಂಡಿದ್ದ ಹೊಸ ಶಾಸಕರು ಆ ಬಾವುಟ ನೋಡಿ ಜೀಪು ನಿಲ್ಲಿಸಿ ಇಳಿದೇಬಿಟ್ಟರು.

"ಏನಾಗ್ಬೇಕವ್ವ ನಿಮಗೆ?"

ಅಜ್ಜಿ ಕೈಯಲ್ಲಿದ್ದ ಕಾಯಿ ಕೆಳಗಿಟ್ಟರು.

"ಜಲ್ಲಿ ಆಗೈತೆ. ಟಾರು ಬಾಕಿ ಐತೆ ಕಣಪ್ಪ."