ಗಂಜಿ ಕುಂಚದಿಂದ ತಿಕ್ಕಿದ ಕಾರು

ನಮ್ಮ ಮನೆಗೆ ಬಂದ ಮೊದಲ ಕಾರು, ಅದೂ ನನ್ನ ಮೊಮ್ಮಗಳದು ಅಂತ ಹಿಗ್ಗಿ ಹಿಗ್ಗಿ ಸುತ್ತು ಬರುತ್ತಿದ್ದೆ. ಅವಳು ಅದರ ಮೇಲಿನ ಕಾಗೆ ಹಿಕ್ಕೆಗೆ ಒದ್ದೆ ಬಟ್ಟೆ ಹೊದಿಸಿ, "ಉಜ್ಜಬ್ಯಾಡಜ್ಜಿ, ನೆನೀಲಿ" ಅಂದಾಗ ಎದ್ದ ಹುಳಿವಾಸನೆ ನನ್ನನ್ನು ಸೇಲಂನ ನಮ್ಮ ಮಗ್ಗದ ಗುಂಡಿಗೆ ಎಳೆದೊಯ್ದಿತು.

ಆಗ ನನಗೆ ಎಂಟು ವರ್ಷ. ಅಪ್ಪನಿಗೆ ನೂಲು ಕೊಟ್ಟು ಕೂಲಿಗೆ ಸೀರೆ ನೇಯಿಸುತ್ತಿದ್ದ ಧಣಿ, ಮೊದಲಾಳಿಯ ಬಿಳಿ ಕಾರು ನಮ್ಮ ಬೇವಿನ ಮರದಡಿ ನಿಂತಿತ್ತು. ಅವರು ಪಕ್ಕದ ಮನೆಗೆ ಹೋಗಿದ್ದರು. ಕಾರಿನ ಮೇಲೆ ಹಿಕ್ಕೆ ಒಣಗಿತ್ತು. ಹಾಸುನೂಲಿಗೆ ಗಂಜಿ ಬಳಿಯುವ ಅಪ್ಪನ ಬಿರುಸು ಕುಂಚ ತಂದು ತಿಕ್ಕಿದೆ. ನೂಲಿಗೆ ಮೆರುಗು ಕೊಡುವ ಕುಂಚ ಕಾರಿಗೂ ಕೊಡುತ್ತದೆ ಅಂದುಕೊಂಡಿದ್ದೆ. ಹಿಕ್ಕೆ ಹೋಯಿತು, ಬಣ್ಣದ ತುಂಬ ಗೀರು ಬಿತ್ತು.

ಓಡಿಬಂದು, ನೇಯುವಾಗ ಅಪ್ಪ ಕಾಲು ಇಳಿಬಿಡುವ ಮಗ್ಗದ ಗುಂಡಿಯಲ್ಲಿ ಅಡಗಿದೆ. ಅಪ್ಪ ನನ್ನನ್ನೂ ನನ್ನ ಕೈಯಲ್ಲಿದ್ದ ಕುಂಚವನ್ನೂ ಬಾಗಿಲಾಚೆಯ ಕಾರನ್ನೂ ನೋಡಿ, ಮಗ್ಗಕ್ಕೆ ಕೂತ. ಅವನ ಕಾಲುಗಳು ದಾರಿ ಮುಚ್ಚಿದವು. ತುಳಿಯುವ ಹಲಗೆ ಇಳಿದಾಗಲೆಲ್ಲ ನನ್ನ ಮೊಣಕಾಲಿಗೆ ತಾಗುತ್ತಿತ್ತು. ಕುಂಚದಿಂದ ಹುಳಿತ ಗಂಜಿ ನಾರುತ್ತಿತ್ತು.

"ಯಾರ್ಲಾ ನನ್ ಗಾಡಿ ಕೆರೆದಿದ್ದು?" ಮೊದಲಾಳಿ ಬಾಗಿಲಲ್ಲೇ ಗುಡುಗಿದರು.

"ನಾನೇ, ಮೊದಲಾಳಿ. ಕಾಗೆ ಗಲೀಜು ಮಾಡಿತ್ತು, ಕುಂಚ ಆಕ್ಬಿಟ್ಟೆ," ಅಂದ ಅಪ್ಪ.

"ಅರಿವು ಐತೇನ್ಲಾ ನಿಂಗೆ? ಈ ಸೀರೆ ಮುಗಿದ್ ಮ್ಯಾಲೆ ನನ್ ನೂಲು ಮುಟ್ಬ್ಯಾಡ!"

ಕಾರು ಹೋದ ಮೇಲೂ ಅಪ್ಪನ ಕಾಲು ನಿಲ್ಲಲಿಲ್ಲ. ಎಷ್ಟೋ ಹೊತ್ತಿಗೆ ಬಗ್ಗಿ, "ಮ್ಯಾಕೆ ಬಾ ಕಣವ್ವ, ಕಾಲು ಜೋಮು ಇಡ್ದಿರ್ತೈತೆ" ಅಂದ.

ಮೂರು ದಿನಕ್ಕೆ ಮಗ್ಗದಿಂದ ಇಳಿಯುತ್ತಿದ್ದ ಸೀರೆ; ಆ ಕೊನೆಯದನ್ನು ಅಪ್ಪ ಹತ್ತು ದಿನ ನೇಯ್ದ.