ಸ್ವಿಚ್ಚಿಲ್ಲದ ಬೆಳಕು

"ಅಯ್ಯ, ಕರೆಂಟು ಹೋಗೇತಿ ಅಂದ್ರಲ್ಲ, ಇಲ್ಲೆ ಇಷ್ಟು ಲೈಟು ಯಾರು ಹಚ್ಯಾರ?" ಎಂದು ಗೋಪಿಬಾಯಿ ಹೆಂಗಸರಿಗೆಂದು ಕಟ್ಟಿದ ಹೊಸ ಹೊಲಿಗೆ ಮನೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ಹೊರಗೆ ಆಷಾಢದ ಮೋಡ ಕವಿದು ಇಡೀ ಲಂಬಾಣಿ ತಾಂಡಾ ಮಬ್ಬಾಗಿತ್ತು. ಮುದುಕಿ ತಲೆಯೆತ್ತಿ ಟ್ಯೂಬ್‌ಲೈಟು ಹುಡುಕಿದಳು. ಇದ್ದವು, ಒಂದೂ ಉರಿಯುತ್ತಿರಲಿಲ್ಲ.

"ಯಾರೂ ಹಚ್ಚಿಲ್ಲ ಆಯೀ," ಕಟ್ಟಡದ ನಕ್ಷೆ ಮಾಡಿದ ಎಂಜಿನಿಯರ್ ಶೈಲಾ ನಕ್ಕಳು. "ಅಲ್ಲಿ ನೋಡ್ರಿ, ಉತ್ತರದ ಗೋಡಿ ತುದಿಗೆ ಉದ್ದಕ ಕಿಟಕಿ. ಆ ಕಡಿಂದ ಬಿಸಿಲು ಅಷ್ಟಾಗಿ ಬಡಿಯೂದಿಲ್ಲ, ಬೆಳಕಷ್ಟ ಬರ್ತೈತಿ. ಬಿಳಿ ಛಾವಣಿಗೆ ತಾಗಿ ಕೆಳಗ ಹರಡ್ತೈತಿ. ಹಗಲೊತ್ತು ಒಂದು ಬಲ್ಬೂ ಬ್ಯಾಡ."

ಅಷ್ಟೆತ್ತರದಲ್ಲಿ ಕಿಟಕಿ ಕಂಡು, 'ಕಾಗಿ ಹಣಿಕಿ ಹಾಕಾಕ ಇಟ್ಟಾರೇನು?' ಎಂದು ಇಷ್ಟು ದಿನ ಗೇಲಿ ಮಾಡಿದವಳು ಇದೇ ಗೋಪಿಬಾಯಿ. ಈಗ ಬಾಯಿ ಬಿಟ್ಟುಕೊಂಡು ತನ್ನ ಅಂಗೈಯನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಒಂದೊಂದು ಗೆರೆಯೂ ಕಾಣುತ್ತಿತ್ತು.

ಹಿಂದೆ ನಿಂತ ಸೊಸೆ ತುಳಜಾ ಮಾತ್ರ ಕೈಲಿದ್ದ ಕುಪ್ಪಸವನ್ನು ಸೆರಗಿನ ಮರೆಗೆ ಸರಿಸಿದಳು. ಬಟ್ಟೆಗೆ ಕನ್ನಡಿ ಬಿಲ್ಲೆ ಕೂರಿಸಿ ಹೊಲಿಯುವುದರಲ್ಲಿ ಅತ್ತೆಯನ್ನು ಮೀರಿಸುವವರು ಸುತ್ತಲ ಯಾವ ತಾಂಡಾದಲ್ಲೂ ಇರಲಿಲ್ಲ. ಆದರೆ ಒಂದೆರಡು ವರ್ಷದಿಂದ ಹೊಲಿಗೆ ಸೊಟ್ಟಗಾಗುತ್ತಿತ್ತು. ಅವರ ಮನೆಯೋ, ಒಂದೇ ಕಿಂಡಿಯ ಕತ್ತಲೆಗೂಡು. ಹೊಲಿಗೆ ಕೆಟ್ಟದ್ದು ಮುದುಕಿಗೆ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಸೂಜಿ ಇಟ್ಟು ಮೂಲೆ ಹಿಡಿಯುತ್ತಾಳೆಂದು ಹೆದರಿದ ತುಳಜಾ, ಅವಳು ಮಧ್ಯಾಹ್ನ ಅಡ್ಡಾದಾಗ ಕಿಂಡಿಯ ಹತ್ತಿರ ಕೂತು ಸೊಟ್ಟಗಿದ್ದುದನ್ನೆಲ್ಲ ಬಿಚ್ಚಿ ತಾನೇ ಹೊಲಿದಿಡುತ್ತಿದ್ದಳು. ನೋಡಿದವರೆಲ್ಲ ಅತ್ತೆಯನ್ನು ಹೊಗಳುತ್ತಿದ್ದರು. ಈ ಬೆಳಕಿನಲ್ಲಿ ಆ ಗುಟ್ಟು ಉಳಿಯುವುದುಂಟೇ?

"ಅತ್ತಿ, ಮಳಿ ಬರೂ ಹಂಗೈತಿ, ಮನಿಗೆ ಹೋಗೂಣು ನಡೀರಿ."

"ಹೋಗ ನೀ. ಆ ಕುಪ್ಪಸ ಇಲ್ಲೆ ಕೊಟ್ಟು ಹೋಗು."

ಅರ್ಧ ಹೊಲಿದ ಕುಪ್ಪಸವನ್ನು ಸೊಸೆಯ ಕೈಯಿಂದ ಕಸಿದುಕೊಂಡು ಗೋಪಿಬಾಯಿ ಚಾಪೆಯ ಮೇಲೆ ಕೂತಳು. ದಾರ ಒಂದೇ ಸಲಕ್ಕೆ ಸೂಜಿಯೊಳಗೆ ಹೋಯಿತು. ನಂಬಿಕೆ ಬಾರದೆ ಹೊರಗೆಳೆದು ಮತ್ತೆ ಪೋಣಿಸಿದಳು. ಮತ್ತೆ ಹೋಯಿತು! "ಸೇವಾಲಾಲ್ ಮಹಾರಾಜಾ, ನನ್ನ ಕಣ್ಣು ಇನ್ನೂ ಅದಾವಲ್ಲೋ!" ಎಂದು ಕುಲಗುರುವನ್ನು ನೆನೆದು ಕೂಗಿದಳು. ಒಂದು ಬಿಲ್ಲೆ ಇಟ್ಟು ಸುತ್ತಲೂ ಹೊಲಿಯತೊಡಗಿದಳು. ಸೂಜಿ ಸರಸರನೆ ಓಡಿತು, ಒಂದು ಎಳೆಯೂ ಸೊಟ್ಟಗಾಗಲಿಲ್ಲ. ನೋಡುತ್ತ ನಿಂತ ತುಳಜಾಳಿಗೆ ಹೆದರಿಕೆ ಮರೆತು ಕಣ್ಣು ತುಂಬಿ ಬಂತು. ಮನೆಯ ಕತ್ತಲೆ ಮಾಡಿದ ತಪ್ಪನ್ನು ತಾನು ಅತ್ತೆಯ ಕಣ್ಣಿನ ಮೇಲೆ ಹೊರಿಸಿದ್ದಳಲ್ಲ!

ಗೋಪಿಬಾಯಿ ದಾರ ಕಡಿದು, ತನ್ನ ಬಿಲ್ಲೆಯನ್ನು ಪಕ್ಕದ ಬಿಲ್ಲೆಗಳ ಜೊತೆ ಹೋಲಿಸಿ ನೋಡಿದಳು. ಮುಖದ ನಗು ಹಾಗೇ ನಿಂತಿತು. ಅವಳು ಹೊಲಿಯುವುದು ಎಡಗೈಯಲ್ಲಿ. ಎಳೆಗಳು ಎಡಕ್ಕೆ ವಾಲುತ್ತವೆ. ಪಕ್ಕದ ಬಿಲ್ಲೆಗಳ ಸುತ್ತ ಎಲ್ಲವೂ ಬಲಕ್ಕೆ ವಾಲಿದ್ದವು.

"ಇದು ಯಾರ ಕೈ?"

ತುಳಜಾ ತಲೆ ತಗ್ಗಿಸಿದಳು. "ನಂದ, ಅತ್ತಿ. ನೀವು ಹೊಲಿಯೂದ ಬಿಟ್ಟುಬಿಡ್ತೀರಿ ಅಂತ ಹೆದರಿದ್ದೆ."

"ಎಲ್ಲಾ ನೀನ?"

"ಹೂಂ."

ಮುದುಕಿ ಒಂದೊಂದೇ ಬಿಲ್ಲೆಯ ಮೇಲೆ ಬೆರಳಾಡಿಸಿದಳು. ಕೊನೆಗೆ ಸೊಸೆಯ ರಟ್ಟೆ ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಹುಚ್ಚಿ! ನನ್ನ ಹೆಸರಿಲೆ ಹೊಲಿಯಾಕಿ ಎಡಗೈಲೆ ಹೊಲೀಬೇಕಿತ್ತು," ಎಂದು ಸೂಜಿಯನ್ನು ತುಳಜಾಳ ಎಡಗೈಗೆ ತುರುಕಿದಳು. "ಹಿಡಿ. ಸೊಟ್ಟಾದ್ರ ಬಿಚ್ಚಾಕ ನಾ ಅದೇನಿ."